ಅತ್ತೆಯ ಬಿಸಿನೀರು

ಬಂಗುಡೆ ತಾಜಾ ಹೌದೋ ಅಲ್ಲವೋ ತಿಳಿಯಲು ಕಿವಿರು ಎತ್ತಿ ನೋಡಿದರೆ ಸಾಕು. ಕೆಂಪಗಿದ್ದರೆ ಬುಟ್ಟಿಗೆ, ಕಂದಿದ್ದರೆ ಆಚೆಗೆ. ಮದುವೆಯಾಗಿ ಗಂಗೊಳ್ಳಿಗೆ ಬಂದ ಹೊಸತರಲ್ಲಿ ಅತ್ತೆ ನನಗೆ ಕಲಿಸಿದ ಪಾಠ ಇದು. ಗಂಡ ದೋಣಿ ಹತ್ತಿದರೆ ವಾರಗಟ್ಟಲೆ ಕಡಲಿನಲ್ಲೇ. ಮನೆಯಲ್ಲಿ ನಾನು, ಅತ್ತೆ, ಮೀನಿನ ಬುಟ್ಟಿ.

ಒಂದು ಬೆಳಿಗ್ಗೆ ಬಂದರಿನಲ್ಲಿ ನಾನು ಎತ್ತಿದ ಕಿವಿರೆಲ್ಲ ಕಂದಿಯೇ ಕಂಡಿತು. ಮೀನು ಆಗಷ್ಟೇ ದೋಣಿಯಿಂದ ಇಳಿದದ್ದು. ನಾನು ಸುಮ್ಮನಿರುವವಳೇ? “ಹಳ್ಸಿದ್ ಮೀನ್ ತಂದ್ ಯಾರಿಗ್ ಮಾರ್ತ್ರಿ?” ಎಂದು ಏಲಂ ಕೂಗುವವರ ಮೇಲೆ ಹಾರಿಬಿದ್ದೆ. ಸುತ್ತ ನಿಂತ ಹೆಂಗಸರು ಬಿದ್ದು ಬಿದ್ದು ನಕ್ಕರು. “ಹ್ವಾಯ್, ಕುಣೂಕ್ ಬಾರದವ್ಳಿಗೆ ನೆಲ ಡೊಂಕಂಬ್ರ್!” ಎಂದಳು ಒಬ್ಬಳು. ಖಾಲಿ ಬುಟ್ಟಿ ಹೊತ್ತು ಮನೆಗೆ ಬಂದೆ.

ಅಲ್ಲಿಂದ ಶುರು. ಕೆಂಪೆಲ್ಲ ಬೂದಿ ಬಡಿದಂತೆ ಕಾಣತೊಡಗಿತು. ಬಸ್ಸಿನ ಬೋರ್ಡು ಮಸುಕು, ಎದುರು ಬಂದವರ ಮುಖ ಮಸುಕು. ಅದಾದರೂ ಬೇಕು, ಅದರ ಜೊತೆಗೇ ಬಂದ ಸುಸ್ತು ಬೇಡಪ್ಪ! ದುಡಿದು ದಣಿದ ಸುಸ್ತಲ್ಲ. ಎದ್ದು ಮುಖ ತೊಳೆಯುವಷ್ಟರಲ್ಲಿ ಮತ್ತೆ ಚಾಪೆ ಕರೆಯುತ್ತಿತ್ತು. ಕುಂದಾಪುರದ ಡಾಕ್ಟರು ಕನ್ನಡಕ ಕೊಟ್ಟರು. ಮೂಗು ನೋಯಿತೇ ಹೊರತು ಮಸುಕು ಹೋಗಲಿಲ್ಲ. ಇನ್ನೊಬ್ಬರು ರಕ್ತ ಕಡಿಮೆ ಎಂದು ಟಾನಿಕ್ ಬರೆದರು. ಬಾರ್ಕೂರಿನಿಂದ ಕಷಾಯದ ಬೇರು ಬಂತು. ಅತ್ತೆ ಕುಂಭಾಶಿಯ ಗಣಪತಿಗೂ ಹೇಳಿಕೊಂಡರು. ಕೊನೆಗೆ ಎಲ್ಲರದೂ ಒಂದೇ ಮಾತು: ಏನೂ ಇಲ್ಲ. ಏನೂ ಇಲ್ಲದಿದ್ದರೆ ನಾನು ಹೀಗೇಕೆ ಬಿದ್ದುಕೊಂಡಿದ್ದೇನೆ? ಮೈಗಳ್ಳಿ ಎಂದು ನೆರೆಕರೆಯವರು ಆಡಿಕೊಂಡರು. ಹೌದೇನೋ ಎಂದು ನನಗೇ ಅನುಮಾನ ಬಂತು.

ಅತ್ತೆ ಮಾತ್ರ ಒಂದು ದಿನವೂ ಹಾಗೆ ಅನ್ನಲಿಲ್ಲ. ಮೊಣಕಾಲು ನೋವೆಂದು ಕೆಳಗಿಟ್ಟಿದ್ದ ಬುಟ್ಟಿಯನ್ನು ಮತ್ತೆ ತಲೆಗೇರಿಸಿದರು. ಸಂಜೆ ಬಂದವರೇ ತೆಂಗಿನ ಸಿಪ್ಪೆ ತುರುಕಿ ಬಚ್ಚಲ ಹಂಡೆಗೆ ಬೆಂಕಿ ಹಾಕುತ್ತಿದ್ದರು. ಬಿಸಿನೀರಿಗೆ ಇಳಿಯದ ಸುಸ್ತೇ ಇಲ್ಲ ಎಂಬುದು ಅವರ ನಂಬಿಕೆ. “ಬಾ ಹೆಣ್ಣೆ, ಮೀಸ್ತೆ” ಎಂದು ಕರೆದು, ನೆತ್ತಿಗೆ ಎಣ್ಣೆ ತಟ್ಟಿ, ಹಬೆಯಾಡುವ ನೀರನ್ನು ಹೊಯ್ದು ಹೊಯ್ದು ಬೆನ್ನು ತಿಕ್ಕುತ್ತಿದ್ದರು. ನನ್ನಮ್ಮ ಸತ್ತಾಗ ನಾನು ಸಣ್ಣವಳು. ಆಮೇಲೆ ನನ್ನನ್ನು ಯಾರೂ ಮೀಸಿದ್ದಿಲ್ಲ. ನೀರಿನ ಜೊತೆ ನನ್ನ ಅಳುವೂ ಇಳಿದುಹೋಗುತ್ತಿತ್ತು.

ಆದರೆ ಮಿಂದು ಹೊರಗೆ ಬಂದರೆ ಜಗಲಿಯ ದೀಪವೇ ಇರುತ್ತಿರಲಿಲ್ಲ! ಕಣ್ಣ ಮುಂದೆ ಬರೀ ಬೂದು ಪರದೆ. ಗೋಡೆ ಸವರಿಕೊಂಡು ಚಾಪೆ ಸೇರಿ ಮಲಗಿದರೆ, ಮೈ ತಣಿದ ಮೇಲೆ ದೀಪ ನಿಧಾನವಾಗಿ ಮರಳುತ್ತಿತ್ತು. ಅತ್ತೆಗೆ ಹೇಗೆ ಹೇಳಲಿ? ನನ್ನನ್ನು ನಂಬಿದ ಒಂದೇ ಜೀವ, ತನಗೆ ಗೊತ್ತಿದ್ದ ಒಂದೇ ಮದ್ದು ಮಾಡುತ್ತಿತ್ತು. ಹೇಳಿದರೆ ಆ ಕೈ ತಪ್ಪಿಹೋಗುತ್ತದೆ. ನನಗೆ ಆ ಕೈ ಬೇಕಿತ್ತು.

ಬ್ರಹ್ಮಾವರಕ್ಕೆ ಹೊಸದಾಗಿ ಕಣ್ಣಿನ ಡಾಕ್ಟರಮ್ಮ ಬಂದಿದ್ದಾರೆಂದು ಕೇಳಿ ಅತ್ತೆ ನನ್ನನ್ನು ಬಸ್ಸು ಹತ್ತಿಸಿದರು. ಡಾಕ್ಟರಮ್ಮ ನನ್ನ ಒಂದು ಕಣ್ಣು ಮುಚ್ಚಿಸಿ, ಮದ್ದಿನ ಬಾಟಲಿಯ ಕೆಂಪು ಮುಚ್ಚಳ ಹಿಡಿದು “ಯಾವ ಬಣ್ಣ?” ಎಂದರು.

“ಹಳ್ಸಿದ್ ಬಂಗುಡೆ ಕಿವಿರಿನ್ ಹಾಂಗೆ” ಎಂದೆ.

ಅವರು ನಗಲಿಲ್ಲ. “ಜಾಸ್ತಿ ಆಗೋದು ಯಾವಾಗ? ಬಿಸಿಲಿಗೆ ಹೋದಾಗ? ಬಿಸಿನೀರು ಸ್ನಾನ ಮಾಡಿದಾಗ?”

ಪಕ್ಕದಲ್ಲಿ ಅತ್ತೆ ನನ್ನ ಕೊಡೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. “ಇಲ್ಲ” ಎಂದೆ.

“ಸುಳ್ಳ್ ಹೇಳ್ಬೇಡ ಹೆಣ್ಣೆ” ಎಂದರು ಅತ್ತೆ. ಮತ್ತೆ ಡಾಕ್ಟರಮ್ಮನ ಕಡೆ ತಿರುಗಿ, “ಮಿಂದ್ಕಂಡ್ ಬಪ್ಪತಿಗೆ ಗೋಡೆ ಹಿಡ್ಕಂಡ್ ಬತ್ಲ್ ಅಮ್ಮಾ. ನಾ ಕಂಡಿದ್ದೆ. ಸುಸ್ತಿಗೆ ಅಂದ್ಕಂಡ್ ಇನ್ನೂ ಬಿಸಿ ಹೊಯ್ದೆ” ಎಂದರು.

“ರೋಗ ಬಿಸಿನೀರಿಂದ ಬಂದದ್ದಲ್ಲಮ್ಮ. ಒಳಗಿದ್ದದ್ದನ್ನು ಅದು ತೋರಿಸಿತು, ಅಷ್ಟೆ” ಎಂದರು ಡಾಕ್ಟರಮ್ಮ. ಕಣ್ಣಿನ ಹಿಂದಿನ ನರದ ತೊಂದರೆ ಇರಬಹುದು, ಹೆಸರು ಈಗಲೇ ಹೇಳಲಾಗದು, ತಲೆಯ ಸ್ಕ್ಯಾನ್ ಆಗಬೇಕು, ಅಲ್ಲಿಯವರೆಗೆ ಬಿಸಿನೀರು ಬೇಡ ಎಂದರು. ಏನೂ ಇಲ್ಲ ಎನ್ನದ ಮೊದಲ ಡಾಕ್ಟರು. ಕಾಲಿಗೆ ಬೀಳೋಣ ಎನಿಸಿತು.

ಬಸ್ಸು ಹಿಡಿದು ಮನೆಗೆ ಬಂದೆವು. ಸಂಜೆ ಬಚ್ಚಲಿನಿಂದ ಹೊಗೆ ಏಳಲಿಲ್ಲ. ಮುಗಿಯಿತು ಎಂದುಕೊಂಡು ಚಾಪೆಯ ಮೇಲೆ ಕೂತೆ. ಸ್ಕ್ಯಾನಿನ ಹೆದರಿಕೆಗಿಂತ ಅದೇ ಹೆಚ್ಚು ಸಂಕಟ ಕೊಟ್ಟಿತು.

“ಹ್ವಾಯ್ ಹೆಣ್ಣೆ, ಎಲ್ ಸತ್ತ್ ಹೋದ್ಯೆ? ಬಾ ಇಲ್ಲಿ!”

ಹೋದೆ. ಬಾವಿಯಿಂದ ಆಗಷ್ಟೇ ಸೇದಿದ ನೀರು, ಪಕ್ಕದಲ್ಲಿ ಎಣ್ಣೆಯ ಬಟ್ಟಲು. “ಚಳಿ ಆತ್ತ್, ತಡ್ಕೊ” ಎಂದು, ಅತ್ತೆ ತಮ್ಮ ಎರಡೂ ಅಂಗೈಗಳನ್ನು ತಿಕ್ಕಿ ತಿಕ್ಕಿ ಬಿಸಿ ಮಾಡಿಕೊಂಡು ನನ್ನ ಬೆನ್ನಿಗೆ ಇಟ್ಟರು. ಹಲ್ಲು ಕಟಕಟ ಎನ್ನುತ್ತಿದ್ದರೂ ನಾನು ಏಳಲಿಲ್ಲ.

ಮಿಂದು ಹೊರಗೆ ಬರುವಾಗ ಅವರು ಹಿಂದೆಯೇ ಬಂದರು.

“ದೀಪ ಕಾಂತಾ?” ಎಂದು ಜಗಲಿಯ ದೀಪದತ್ತ ಕೈ ತೋರಿಸಿದರು.

ಮಸುಕೇ. ಆದರೆ ಇದ್ದಲ್ಲೇ ಇತ್ತು.

“ಕಾಂತ್ ಅತ್ತೆ” ಎಂದೆ. ಅವರು ನನ್ನ ಮುಖವನ್ನೇ ನೋಡಿದರು, ಸುಳ್ಳಲ್ಲ ಎಂದು ಖಾತ್ರಿ ಮಾಡಿಕೊಂಡು ಒಳಗೆ ಹೋದರು.