ನನ್ನ ಮನೆಗೆ ನಾನೇ ಬೀಗ

ಗೆಳೆಯರೇ, ಇವತ್ತು ಕೊಂಢವಾ ಬಡಾವಣೆಯ ನನ್ನ ಸ್ವಂತ ಮನೆಯಲ್ಲಿ ನನಗೆ ಭರ್ಜರಿ ಸ್ವಾಗತ ಸಿಕ್ಕಿತು. ಕೆಲಸದ ಮೇಲೆ ಗುವಾಹಟಿಯಲ್ಲಿ ತಿಂಗಳುಗಟ್ಟಲೆ ಇದ್ದು, ಬೆಳಿಗ್ಗೆ ಚಳಿಯಲ್ಲಿ ನಡುಗುತ್ತ ಬಂದರೆ ಬಾಗಿಲು ತೆರೆದಿತ್ತು. ಒಳಗೆ ಜನವೋ ಜನ. ನನ್ನ ಮಂಚದ ಮೇಲೆ ಗುರುತಿಲ್ಲದ ಅಜ್ಜರೊಬ್ಬರು ನನ್ನ ರಜಾಯಿ ಹೊದ್ದು ಕೂತಿದ್ದರು.

"ಬರ್ರಿ ಬರ್ರಿ, ಗಂಡಿನ ಕಡಿಯವರೇನ್ರಿ?"

"ಇದು ನನ್ನ ಮನಿ ರೀ!"

"ಹೌದ್ರಿ, ನಿಮ್ದ ಮನಿ ಅಂತ ತಿಳ್ಕೋರಿ. ಸಂಕೋಚ ಬ್ಯಾಡ. ಸ್ನಾನಕ್ಕ ಮಾತ್ರ ಪಾಳಿ ಅದ."

ಅಷ್ಟರಲ್ಲಿ ಪಕ್ಕದ ಮನೆಯ ಕಾಕು ಓಡಿ ಬಂದರು. ಗಿಡಗಳಿಗೆ ನೀರು ಹಾಕಲೆಂದು ಕೀಲಿಕೈ ಅವರಿಗೇ ಕೊಟ್ಟು ಹೋಗಿದ್ದೆ. ಇವತ್ತು ಅವರ ಮಗಳ ಮದುವೆ. ವಿಜಾಪುರದ ನೆಂಟರನ್ನೆಲ್ಲ ನನ್ನ ಮನೆಯಲ್ಲಿ ಇಳಿಸಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರೇ ಸಿಟ್ಟಾದರು.

"ಬರೋಕಿಂತ ಮೊದ್ಲ ಒಂದು ಫೋನ್ ಮಾಡಬಾರದೇನ್ರಿ? ಈಗ ನಿಮ್ಮನ್ನ ಎಲ್ಲಿ ಇಳಸ್ಲಿ?"

ನನ್ನ ಪಾಳಿ ಬರುವಷ್ಟರಲ್ಲಿ ಗೀಜರಿನ ಬಿಸಿನೀರು ಮುಗಿದಿತ್ತು. ತಣ್ಣೀರು ಸುರಿದುಕೊಂಡು ಮದುವೆಗೆ ಹೋದೆ. ಊಟವೇನೋ ಚೆನ್ನಾಗಿತ್ತು. ಮರಳಿ ಬಂದಾಗ ಅಜ್ಜರು ಪ್ರೀತಿಯಿಂದ ಕೇಳಿದರು:

"ನೀವು ಯಾವಾಗ ಹೊಂಟ್ರಿ? ನಾವಂತೂ ಇನ್ನೂ ಇರ್ತೀವಿ. ಏನರ ಬೇಕಾದ್ರ ಕೇಳ್ರಿ."

ಇದನ್ನು ಸೈಬರ್ ಕೆಫೆಯಲ್ಲಿ ಕೂತು ಬರೆಯುತ್ತಿದ್ದೇನೆ. ಮನೆಯಲ್ಲಿ ಕೂರಲು ಜಾಗವಿಲ್ಲ.