ಮಂದಿಯ ಮದ್ದು ತಿನ್ನುತ್ತಿದ್ದ ಆಯಿ

ನರಗುಂದದಲ್ಲಿ ಬಂಡಾಯವಾಗುವ ಮೊದಲಿನ ಮಾತು. ಗಜೇಂದ್ರಗಡದಲ್ಲಿ ನಾನು ಸೊಸೆಯಾಗಿ ಬಂದ ಮನೆಯ ಪಕ್ಕದಲ್ಲಿ ನೇಕಾರರ ಮುದುಕಿಯೊಬ್ಬಳಿದ್ದಳು, ಓಣಿಗೆಲ್ಲ ಆಯಿ. ಓಣಿಯಲ್ಲಿ ಯಾರಿಗೆ ಜ್ವರ ಬಿಟ್ಟರೂ ಉಳಿದ ಔಷಧ ಕೇಳಿಕೊಂಡು ಬರುವಳು. ಮೊದಲು ಮೂಸಿ ನೋಡಿ, ಕಣ್ಣು ಮುಚ್ಚಿ ನುಂಗಿ, ಸೆರಗಿನಿಂದ ತುಟಿ ಒರೆಸಿಕೊಂಡು, "ಔಷಧ ಹಾಳ ಆಗಬಾರದವಾ" ಎನ್ನುವಳು. ಬಾಣಂತಿಯ ಕಷಾಯ, ಪೈಲ್ವಾನನ ಪುಡಿ, ಎಲ್ಲವೂ ಅವಳ ಮೊಣಕಾಲು ನೋವಿಗೇ.

ನಮ್ಮ ಮಾವನವರಿಗೆ ನಿದ್ದೆ ಬಾರದೆಂದು ಹಕೀಮರು ಭಂಗಿ ಬೆರೆಸಿದ ಲೇಹ್ಯ ಕೊಟ್ಟಿದ್ದರು. ಕಡಲೆಕಾಳಿನಷ್ಟು ನೆಕ್ಕಿದರೆ ಸಾಕು. ಒಂದು ಮುಂಜಾನೆ ನಾನು ನೀರು ತರುವಷ್ಟರಲ್ಲಿ ಆಯಿ ಭರಣಿಯನ್ನೇ ಬಳಿದು ತಿಂದು ಹೋಗಿದ್ದಳು.

ಸ್ವಲ್ಪ ಹೊತ್ತಿಗೆ ಅವಳ ಮನೆಯಿಂದ ಜೋರು ನಗು ಕೇಳಿತು. ಓಡಿದೆ. ಆಯಿ ಮಗ್ಗದ ಮುಂದೆ ಕೂತು, ಲಾಳಿಯನ್ನು ಕೂಸಿನಂತೆ ಮುದ್ದಿಸುತ್ತಿದ್ದಳು.

"ಯವ್ವಾ, ನನ್ನ ಕಾಲ ಎಲ್ಲಿ ಹೋದುವು ನೋಡ! ನೋವೂ ಅವುಗಳ ಜೋಡಿನ ಹೋತು!"

ನನಗೂ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಅವಳ ಕತ್ತು ವಾಲಿತು, ಕೈ ತಣ್ಣಗಾಯಿತು. ನಾನು ಹಕೀಮರನ್ನು ಕರೆಯಲು ಓಡಿದೆ.

ಹಕೀಮರು ಓಡಿಬಂದು, ಅವಳನ್ನು ಎಬ್ಬಿಸಿ ಕೂರಿಸಿ, ಹುಣಸೆಹುಳಿಯ ನೀರು ಕುಡಿಸಿ ಕುಡಿಸಿ ವಾಂತಿ ಮಾಡಿಸಿದರು. ಸಂಜೆಗೆ ಆಯಿಗೆ ಪೂರ್ತಿ ಎಚ್ಚರವಾಯಿತು.

"ಆಯಿ, ಮಂದಿ ಔಷಧ ನಿಮಗ ವಿಷ. ಇವತ್ತ ಸತ್ತ ಹೋಗ್ತಿದ್ರಿ!" ಎಂದು ಹಕೀಮರು ಗದರಿದರು.

ಆಯಿ ವಿನಯದಿಂದ ತಲೆಯಾಡಿಸಿದಳು. ಆಮೇಲೆ ಹಕೀಮರ ಕೈಯಲ್ಲಿದ್ದ ಬಟ್ಟಲಿನೊಳಗೆ ಇಣುಕಿ, ಮೆಲ್ಲಗೆ ಕೇಳಿದಳು: "ಖರೇ ಐತ್ರಿ. ಆದ್ರ ಈ ಹುಳಿನೀರ ಭಾಳ ಚಲೋ ಐತಿ. ಇದು ಮತ್ತ ಯಾವ ಬ್ಯಾನಿಗಿ ಬರ್ತೈತ್ರಿ?"