ಎದುರು ಕುರ್ಚಿಯ ಮತದಾರರು

ಆಂಟಿಯ ಎಡಗೈ ತೋರುಬೆರಳಿನ ಉಗುರಿನ ಮೇಲೆ ಒಂದು ಕಡುನೇರಳೆ ಗೆರೆಯಿತ್ತು. ಮೈಸೂರಿನಲ್ಲಿ ಹೈಸ್ಕೂಲ್ ಮೇಡಂ ಆಗಿದ್ದಾಗ ಪ್ರತಿ ಚುನಾವಣೆಗೂ ಮತಗಟ್ಟೆ ಡ್ಯೂಟಿ ಮಾಡಿ, ಸಾವಿರಾರು ಬೆರಳಿಗೆ ಶಾಯಿ ಹಚ್ಚಿದವರು. ಉಗುರು ಬೆಳೆದಂತೆ ಶಾಯಿ ಹೋಗಬೇಕು. ಅವರದು ಇಪ್ಪತ್ತು ವರ್ಷವಾದರೂ ಹೋಗಿರಲಿಲ್ಲ. ಡಾಕ್ಟರಿಗೆ ತೋರಿಸಿ ಎಂದರೆ, "ಅಯ್ಯೋ ಬಿಡಮ್ಮಾ, ಅದೇ ನನ್ನ ಪೆನ್ಷನ್ನು" ಎಂದು ನಗುತ್ತಿದ್ದರು.

ಇಲ್ಲಿ ಕಾರ್ಮೆಲ್ ವ್ಯಾಲಿಯಲ್ಲಿ ಅವರದು ನಮ್ಮ ಪಕ್ಕದ ಮನೆ. ಅಂಕಲ್ ಹೋದ ಮೇಲೆ ಒಬ್ಬರೇ ಇದ್ದರು. ನನ್ನ ಹಾಗೇ ಗ್ರೀನ್ ಕಾರ್ಡು. ತೆರಿಗೆ ಕಟ್ಟಬಹುದು, ಓಟು ಹಾಕುವಂತಿಲ್ಲ. ಸಿಟಿಜನ್ ಆಗಿಬಿಡಿ ಎಂದರೆ ಇಂಡಿಯಾ ಪಾಸ್‌ಪೋರ್ಟ್ ಬಿಡಲಾರೆ ಎಂಬ ಹಠ. ಸಿಟಿ ಕೌನ್ಸಿಲ್ ಮೀಟಿಂಗಿನಲ್ಲಿ ಯಾರು ಬೇಕಾದರೂ ಮಾತಾಡಬಹುದು ಅಂತ ಗೊತ್ತಾಗಿದ್ದೇ ತಡ, ರೇಷ್ಮೆ ಸೀರೆ ಉಟ್ಟು ನನ್ನ ಕಾರು ಹತ್ತಿದರು. "ಪ್ರೆಸಿಡೆಂಟನ್ನ ನೀವೇ ಆರಿಸಿಕೊಳ್ಳಿ. ನಮ್ಮ ಬೀದಿ, ನಮ್ಮ ಸ್ಕೂಲು, ನಮ್ಮ ಲೈಬ್ರರಿ, ಇಷ್ಟಕ್ಕೆ ಓಟು ಕೊಡಿ ಸಾಕು" ಎಂದು ಮೈಕಿನ ಮುಂದೆ ನಿಂತು ಇಂಗ್ಲಿಷಿನಲ್ಲಿ ಹೇಳಿದರು. ಚಪ್ಪಾಳೆ ಬಿತ್ತು, ಓಟು ಬರಲಿಲ್ಲ.

ವಿಚಿತ್ರ ಏನೆಂದರೆ, ಆ ಮನೆಗೆ ಓಟು ಬರುತ್ತಿತ್ತು. ಕೊರೊನಾ ವರ್ಷದಿಂದ ಇಲ್ಲಿ ಮತದಾರರಿಗೆಲ್ಲ ಮತಪತ್ರ ಟಪಾಲಿನಲ್ಲೇ ಬರುತ್ತದೆ. ಆಂಟಿ ಕೊಳ್ಳುವ ಮೊದಲು ಆ ಮನೆಯಲ್ಲೇ ತೀರಿಕೊಂಡಿದ್ದ ಮುದುಕರ ಹೆಸರಿಗೆ ಒಂದು ಬಂತು. ಆಂಟಿ ಆ ಲಕೋಟೆಯನ್ನು ಊಟದ ಮೇಜಿನ ಮೇಲೆ, ಎದುರು ಕುರ್ಚಿಯ ಮುಂದಿಟ್ಟು, ಪಕ್ಕದಲ್ಲೊಂದು ಲೋಟ ಕಾಫಿ ಇಟ್ಟರು. "ಏನ್ರೀ, ಈ ಮನೆಯ ಹಳೇ ಯಜಮಾನರೇ, ಈ ಸಲ ಯಾರಿಗೆ?" ಎಂದು ಖಾಲಿ ಕುರ್ಚಿಯನ್ನು ಕೇಳಿದರು. ಆಮೇಲೆ ಲಕೋಟೆಯ ಮೇಲೆ 'ತೀರಿಕೊಂಡಿದ್ದಾರೆ' ಎಂದು ಬರೆದು ವಾಪಸ್ ಕಳಿಸಿದರು.

ಆದರೂ ಮುಂದಿನ ಚುನಾವಣೆಗೂ ಅವರ ಹೆಸರಿಗೆ ಬಂತು. ಆ ಸಲ ಅಭ್ಯರ್ಥಿಗಳ ಜೊತೆಗೆ ನಮ್ಮ ಲೈಬ್ರರಿ ಉಳಿಸಬೇಕೋ ಬೇಡವೋ ಎಂಬ ಪ್ರಶ್ನೆಯೂ ಮತಪತ್ರದಲ್ಲಿತ್ತು. ನನ್ನ ಮಗಳು ಓದು ಕಲಿತದ್ದೇ ಅಲ್ಲಿ.

"ಹಾಕಿಬಿಡಿ ಆಂಟಿ, ಯಾರು ನೋಡ್ತಾರೆ?" ಎಂದೆ.

ಅವರು ಕುರ್ಚಿಯ ಕಡೆ ತಿರುಗಿದರು. "ಅವರು ನೋಡ್ತಾರೆ. ಸತ್ತೋರ ಓಟು ಹಾಕೋಕೆ ಬಂದೋರನ್ನೆಲ್ಲ ಬೈದು ಓಡಿಸಿದೋಳು ಕಣೇ ನಾನು. ಈಗ ನಾನೇ ಹಾಕ್ಲಾ?"

ಖಾಲಿ ಕುರ್ಚಿಯ ಮುಂದಿಟ್ಟ ಲೋಟದಲ್ಲಿ ಕಾಫಿ ಅರ್ಧಕ್ಕಿಳಿದಿತ್ತು. ಆಂಟಿ ಅದನ್ನು ಮುಟ್ಟಿರಲಿಲ್ಲ.

ಆ ಸಲ ಲೈಬ್ರರಿ ಸೋತಿತು, ಬಾಗಿಲು ವಾರಕ್ಕೆ ಮೂರೇ ದಿನ ತೆರೆಯತೊಡಗಿತು. ಆಂಟಿ ಹಠ ಬಿಟ್ಟು ಸಿಟಿಜನ್‌ಶಿಪ್ಪಿಗೆ ಅಪ್ಲೈ ಮಾಡಿದರು. ಪ್ರಮಾಣವಚನ ಮುಗಿಸಿ ಬರುವಾಗ ಕಾರಿನಲ್ಲಿ ದಾರಿಯುದ್ದಕ್ಕೂ ಅತ್ತರು. ಮನೆಗೆ ಬಂದವರೇ ಮತದಾರರಾಗಿ ಹೆಸರು ಸೇರಿಸಿದರು.

ಚುನಾವಣೆಗೆ ಎರಡು ತಿಂಗಳಿರುವಾಗ, ಬೆಳಗಿನ ಕಾಫಿಗೆ ಕೂತಲ್ಲೇ ಹೋದರು. ಮೇಜಿನ ಮೇಲೆ ಎರಡು ಲೋಟಗಳಿದ್ದವು.

ಮನೆ ಮಾರುವವರೆಗೂ ಟಪಾಲು ತೆಗೆದಿಡಿ ಅಂತ ಬರ್ಬ್ಯಾಂಕ್ ಊರಿನಲ್ಲಿರುವ ಅವರ ಮಗ ನನಗೆ ಕೀಲಿ ಕೊಟ್ಟು ಹೇಳಿದ್ದ. ಒಂದು ಮಧ್ಯಾಹ್ನ ಎರಡು ಲಕೋಟೆ ಬಂದವು. ಮುದುಕರದೊಂದು, ಆಂಟಿಯದೊಂದು. ಲೈಬ್ರರಿಯ ಪ್ರಶ್ನೆ ಮತ್ತೆ ಬಂದಿತ್ತು. ಆಂಟಿ ಯಾವ ಕಡೆ ಹಾಕುತ್ತಿದ್ದರು ಅಂತ ನನಗೆ ಚೆನ್ನಾಗಿ ಗೊತ್ತು. "ಅಮ್ಮಾ, ನೋಬಡಿ ವಿಲ್ ನೋ" ಎಂದಳು ಮಗಳು. ಸತ್ತ ಇಬ್ಬರಿಗೂ ಓಟಿದೆ, ಬದುಕಿರುವ ನನಗಿಲ್ಲ.

ಆಂಟಿಯ ಮೇಜಿನ ಮುಂದೆ ಕೂತು ಪೆನ್ನು ತೆಗೆದೆ. ತಲೆಯೆತ್ತಿದರೆ, ಎದುರಿನ ಎರಡು ಕುರ್ಚಿಗಳೂ ಯಾರೋ ಈಗಷ್ಟೇ ಕೂತ ಹಾಗೆ ಹಿಂದಕ್ಕೆ ಸರಿದಿದ್ದವು.

ಎರಡರ ಮೇಲೂ 'ತೀರಿಕೊಂಡಿದ್ದಾರೆ' ಎಂದು ಬರೆದೆ. ಆಂಟಿಯ ಹೆಸರಿನ ಹತ್ತಿರ ಪೆನ್ನು ಜಾರಿ, ಲಕೋಟೆ ಹಿಡಿದಿದ್ದ ಎಡಗೈ ತೋರುಬೆರಳಿಗೆ ಶಾಯಿ ತಾಗಿತು. ಸೋಪು ಹಾಕಿ ಎಷ್ಟು ಉಜ್ಜಿದರೂ ಉಗುರಿನ ಮೇಲಿನ ಆ ಗೆರೆ ಇನ್ನೂ ಹೋಗಿಲ್ಲ.